ಕಚ್ಚದ ಸೊಳ್ಳೆ, ನಿಲ್ಲುವ ಬಸ್ಸು

ಫೆಬ್ರವರಿ 20

ಶ್ರೀಮದ್ ಗಡಿಯಾರ ಗೋಪುರದಿಂದ ಮಾರುಕಟ್ಟೆ ಪರ್ಯಂತ ಬಸ್ ಮಾರ್ಗದ ಏಕಚ್ಛತ್ರಾಧೀಶ್ವರಿಯೂ, ಚಿಲ್ಲರೆ ಸಾಮ್ರಾಜ್ಯದ ಚಕ್ರವರ್ತಿನಿಯೂ, ಟಿಕೆಟ್ಟಿಲ್ಲದವರ ಪಾಲಿನ ಸಿಂಹಸ್ವಪ್ನವೂ, ಮಡಿಸಿದ ದಿನಪತ್ರಿಕೆಯ ಒಂದೇ ಏಟಿಗೆ ಮೂರು ಸೊಳ್ಳೆ ಕೆಡವಿದ ವೀರಾಗ್ರಣಿಯೂ, ನಿವೃತ್ತಿಯ ನಂತರವೂ ನಿದ್ದೆಯಲ್ಲಿ “ಒಳಗೆ ಹೋಗಿ, ಒಳಗೆ ಹೋಗಿ” ಎಂದು ಗದರುವವರೂ ಆದ ಪರಮಪೂಜ್ಯ ದೊಡ್ಡಮ್ಮನವರ ದಿವ್ಯ ಸನ್ನಿಧಿಗೆ, ತಮ್ಮ ತಂಗಿಯ ಮಗಳೂ, ತಮ್ಮ ಕೈಯಲ್ಲೇ ಬೆಳೆದು ತಮ್ಮ ಕೈಯಲ್ಲೇ ಏಟು ತಿಂದವಳೂ ಆದ ತರಲೆಯು ಅಡ್ಡಬಿದ್ದು ಮಾಡುವ ವಿಜ್ಞಾಪನೆ ಏನೆಂದರೆ:

ಕೆಲಸ ಸಿಕ್ಕಿತು.

ಇಷ್ಟಕ್ಕೇ ಸಂತೋಷಪಡಬೇಡಿ. ಎಂಥ ಕೆಲಸ ಎಂದು ಕೇಳಿ. ಸೊಳ್ಳೆ ಸಾಕುವ ಕೆಲಸ. ನಮ್ಮ ವಂಶದಲ್ಲಿ ಇಲ್ಲಿಯವರೆಗೆ ಸೊಳ್ಳೆ ಹೊಡೆದವರಿದ್ದರು, ಸೊಳ್ಳೆಗೆ ಹೆದರಿ ಪರದೆಯೊಳಗೆ ಸೇರಿಕೊಂಡವರಿದ್ದರು. ತಟ್ಟೆಯಲ್ಲಿ ಊಟ ಹಾಕಿ, ಮೈ ಕೈ ತುಂಬಿಕೊಂಡಿವೆಯೇ ಎಂದು ದಿನಾ ವಿಚಾರಿಸುವವಳು ನಾನೊಬ್ಬಳೇ.

ನಾನಿರುವ ಕೋಣೆ ಯಾವಾಗಲೂ ಬಚ್ಚಲುಮನೆಯಷ್ಟು ಬೆಚ್ಚಗೆ, ತೇವವಾಗಿ ಇರುತ್ತದೆ. ಗೋಡೆಯುದ್ದಕ್ಕೂ ಬಿಳಿ ಪ್ಲಾಸ್ಟಿಕ್ ತಟ್ಟೆಗಳು, ತಟ್ಟೆ ತುಂಬ ನೀರು, ನೀರು ತುಂಬ ಮರಿಹುಳ. ಅಕ್ವೇರಿಯಂ ಮೀನಿಗೆ ಹಾಕುವ ಆಹಾರವನ್ನೇ ಪುಡಿ ಮಾಡಿ ಉದುರಿಸುತ್ತೇನೆ. ರೆಕ್ಕೆ ಬರುವ ಮುಂಚೆ ಅವು ಬೆನ್ನು ಬಾಗಿಸಿಕೊಂಡು ಅಲ್ಪವಿರಾಮದ ಹಾಗೆ ತೇಲುತ್ತವೆ. ಹೆಣ್ಣು ಅಲ್ಪವಿರಾಮ ದಪ್ಪ, ಗಂಡು ಸಣ್ಣ. ಜರಡಿ ಹಿಡಿದರೆ ಗಂಡುಗಳು ಕೆಳಗಿಳಿಯುತ್ತವೆ, ಹೆಣ್ಣುಗಳು ಮೇಲೆ ಉಳಿಯುತ್ತವೆ. ನಮಗೆ ಗಂಡು ಮಾತ್ರ ಸಾಕು. ಗಂಡು ಕಚ್ಚುವುದಿಲ್ಲ. ನಮ್ಮ ಗಂಡುಗಳ ಹೊಟ್ಟೆಯಲ್ಲಿ ಒಂದು ಸೂಕ್ಷ್ಮಜೀವಿ ಇದೆ. ಇವುಗಳ ಜೊತೆ ಕೂಡಿದ ಊರಿನ ಹೆಣ್ಣು ಮೊಟ್ಟೆ ಇಟ್ಟರೂ ಮರಿಯಾಗುವುದಿಲ್ಲ. ಹೀಗೆ ವಾರ ವಾರ ಗಂಡುಗಳ ದಿಬ್ಬಣ ಕಳಿಸುತ್ತಾ ಹೋದರೆ ಬೀದಿಯಲ್ಲಿ ಸೊಳ್ಳೆ ಕಮ್ಮಿ, ಡೆಂಗೀ ಜ್ವರವೂ ಕಮ್ಮಿ. ನೋಡಲು ಬಂದವರೆದುರು ನಾನು ಗಂಡುಗಳ ಪಂಜರದೊಳಗೆ ಮೊಣಕೈವರೆಗೆ ಕೈ ಹಾಕಿ, ಕಣ್ಣು ಮುಚ್ಚಿ ಧ್ಯಾನಸ್ಥಳಾಗಿ ನಿಲ್ಲುತ್ತೇನೆ. ಒಂದೂ ಕಚ್ಚುವುದಿಲ್ಲ. ಜನ ಚಪ್ಪಾಳೆ ತಟ್ಟುತ್ತಾರೆ.

ಇನ್ನು ಗಂಭೀರ ವಿಷಯ. ದಿಬ್ಬಣ ಹೋಗಬೇಕಾದ ಬೀದಿಗಳಲ್ಲಿ ತಮ್ಮದೂ ಒಂದು. ಬೀದಿಯ ಪ್ರತಿ ಮನೆಯೂ ಒಪ್ಪಬೇಕು, ಒಂದು ಮನೆ ಬೇಡ ಎಂದರೂ ಆ ಬೀದಿಯನ್ನು ಬಿಡಬೇಕು, ಇದು ನಿಯಮ. ಸೊಳ್ಳೆಗೆ ಕಾಂಪೌಂಡ್ ಗೊತ್ತಾಗುವುದಿಲ್ಲವಲ್ಲ. ನಮ್ಮ ಗೋಡೆಯ ನಕ್ಷೆಯಲ್ಲಿ ತಮ್ಮ ಬೀದಿ ಪೂರ್ತಿ ಹಸಿರು, ನಡುವೆ ಒಂದೇ ಒಂದು ಕೆಂಪು ಚುಕ್ಕೆ. ಆ ಚುಕ್ಕೆಯ ಕಿಟಕಿಯ ಸರಳಿನಲ್ಲಿ ಚಿಕ್ಕಂದಿನಲ್ಲಿ ನನ್ನ ತಲೆ ಒಮ್ಮೆ ಸಿಕ್ಕಿಹಾಕಿಕೊಂಡಿತ್ತು.

ನಮ್ಮ ಮುಖ್ಯಸ್ಥೆ ಮೇಡಂ ನನ್ನನ್ನು ಕರೆದು ಹೇಳಿದರು: “ನಿಮ್ಮ ದೊಡ್ಡಮ್ಮನ ಹತ್ರ ಈ ವಿಷಯದಲ್ಲಿ ಒಪ್ಪಿಸೋ ಮಾತು ಆಡಕೂಡದು. ಮನೆಯವರ ಮುಲಾಜಿಗೆ ಹೇಳಿದ ಹೌದು, ಹೌದಲ್ಲ.” ಆದ್ದರಿಂದ ನಾನು ಏನೂ ಹೇಳುತ್ತಿಲ್ಲ. ಏನೂ ಹೇಳುತ್ತಿಲ್ಲ ಎಂಬುದನ್ನು ತಾವು ಗಮನಿಸಬೇಕು.

ಮೇಲಿನ ಮನೆಯ ಗೋಲಿ ಹೇಗಿದ್ದಾಳೆ? ಇದು ಒತ್ತಾಯವಲ್ಲ, ಕುಶಲಪ್ರಶ್ನೆ.

ಇಂತಿ ತಮ್ಮ ಪಾದಧೂಳಿಯಲ್ಲಿ ಸದಾ ಸೀನುವ,
ತರಲೆ


ಮಾರ್ಚ್ 5

ತರಲೆ,

ನಿನ್ನ ಪೀಠಿಕೆ ಓದಿ ಮುಗಿಸೋ ಹೊತ್ತಿಗೆ ಟೀ ಆರಿತ್ತು. ಕೆಲಸ ಸಿಕ್ಕಿದ್ದು ಒಳ್ಳೇದಾಯ್ತು. ಕೈ ತೊಳೆದು ಊಟ ಮಾಡು.

ಫೋನ್ ಯಾಕೆ ಮಾಡ್ಕೊಳ್ಳಲ್ಲ ನೀವಿಬ್ಬರೂ ಅಂತ ನಿಮ್ಮಮ್ಮ ಕೇಳ್ತಾಳೆ. ಎಂಜಿನ್ ಪಕ್ಕ ನಿಂತು ನಿಂತು ನನ್ನ ಕಿವಿ ಕೈಕೊಟ್ಟಿರೋದು ಅವಳಿಗೆ ನೆನಪೇ ಇರಲ್ಲ. ಫೋನಲ್ಲಿ ನಾನು ಕಿರುಚೋದು ಬೀದಿಗೆಲ್ಲಾ ಕೇಳುತ್ತೆ, ನೀನು ಹೇಳೋದು ನನಗೆ ಮಾತ್ರ ಕೇಳಲ್ಲ. ಬರಿ.

ಹೌದು, ಬೇಡ ಅಂದೆ. ನಿನ್ನ ಸೊಳ್ಳೆ ಮೇಲೆ ನನಗೇನೂ ದ್ವೇಷ ಇಲ್ಲ. ನಿಮ್ಮ ಕಡೆಯಿಂದ ಟೊಪ್ಪಿ ಹಾಕಿಕೊಂಡ ಒಬ್ಬ ಹುಡುಗ ಬಂದ.

“ಎಲ್ಲರೂ ಹೂಂ ಅಂದಾಯ್ತು ಅಮ್ಮಾ, ನಿಮ್ಮದೊಂದೇ ಬಾಕಿ, ಇಲ್ಲೊಂದು ಸೈನ್ ಹಾಕಿಬಿಡಿ.”

“ಎಲ್ಲರೂ ಹತ್ತಿದ್ದಾರೆ ಸರಿ, ಬಸ್ಸು ಎಲ್ಲಿಗೆ ಹೋಗುತ್ತಪ್ಪಾ?” ಅಂದೆ.

“ಬಸ್ಸಲ್ಲಮ್ಮಾ, ಸೊಳ್ಳೆ.” ಪಾಪ, ನನಗೆ ಕಿವಿಯ ಜೊತೆ ತಲೆಯೂ ಹೋಗಿದೆ ಅಂದ್ಕೊಂಡ.

ಮೂರು ಪ್ರಶ್ನೆ ಕೇಳಿದೆ. ಒಂದು, ನಮ್ಮ ಚಾವಣಿ ಕೆಳಗೆ ಗೂಡು ಕಟ್ಟೋ ಹಕ್ಕಿಗಳು ಸಂಜೆಯೆಲ್ಲಾ ಸೊಳ್ಳೆ ಹಿಡಿದು ತಿನ್ನುತ್ತವೆ, ಅವು ಮುಂದೆ ಏನು ತಿನ್ನಬೇಕು? ಎರಡು, ಒಂದು ಜೀವದ ವಂಶವನ್ನೇ ನಿಲ್ಲಿಸೋಕೆ ನಾವ್ಯಾರು? ಜ್ವರ ಬರಲಿ ಅಂತಲ್ಲ, ಸುಮ್ಮನೆ ಕೇಳಿದೆ. ಮೂರು, ಏನಾದ್ರೂ ತಪ್ಪಾದ್ರೆ ಬಂದು ಹೇಳೋರು ಯಾರು?

ಅವನು “ತಪ್ಪಾಗಲ್ಲ ಅಮ್ಮಾ” ಅಂದ. ಇಷ್ಟು ವರ್ಷ ಬಸ್ಸಲ್ಲಿ ಓಡಾಡಿದೀನಿ, ಬ್ರೇಕ್ ಹೋಗಲ್ಲ ಅನ್ನೋ ಡ್ರೈವರ್ ಜೊತೆ ಒಂದು ಟ್ರಿಪ್ಪೂ ಹೋದವಳಲ್ಲ ನಾನು. ಬೇಡ ಅಂದೆ.

ಗೋಲಿ ಚೆನ್ನಾಗಿದ್ದಾಳೆ. ಹೋದ ವರ್ಷ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದೋಳು ಇವಳೇನಾ ಅನ್ನಿಸುತ್ತೆ. ನನಗೆ ಬೀಳ್ಕೊಡುಗೇಲಿ ಕೊಟ್ಟ ಹಳೇ ಬಸ್ಸಿನ ಗಂಟೆ ಇದೆಯಲ್ಲ, ಅದನ್ನ ನಡುಮನೇಲಿ ಹಗ್ಗ ಕಟ್ಟಿ ತೂಗುಹಾಕಿದ್ದೀನಿ. ದಿನಾ ಸಂಜೆ ಇಳಿದು ಬಂದು ಕಂಡಕ್ಟರ್ ಆಟ ಆಡ್ತಾಳೆ. ನಾನು ಪ್ರಯಾಣಿಕಳು. ಮೊನ್ನೆ ನನ್ನನ್ನೇ ಇಳಿಸಿಬಿಟ್ಟಳು, ಚಿಲ್ಲರೆ ಇಲ್ಲ ಅಂತ.

ನಿನ್ನ ಕುಶಲಪ್ರಶ್ನೆಯ ಹಿಂದೆ ಏನಿದೆ ಅಂತ ನನಗೆ ಗೊತ್ತಾಗಲ್ವಾ? ಎರಡನೇ ಸಲ ಬಂದರೆ ಈ ಜ್ವರ ಇನ್ನೂ ಕೆಟ್ಟದ್ದು ಅಂತ ಡಾಕ್ಟರು ಅವಳಮ್ಮನಿಗೆ ಹೇಳಿದ್ದು ನನಗೂ ಕೇಳಿಸಿದೆ. ಆ ಥರದ್ದು ಮಾತ್ರ ಕೇಳಿಸುತ್ತೆ ಈ ಕಿವಿಗೆ.

ದೊಡ್ಡಮ್ಮ


ಮಾರ್ಚ್ 24

ಪ್ರಶ್ನಾವಳಿ ಪಾರಂಗತೆಯೂ, ಟೊಪ್ಪಿಧಾರಿ ತರುಣರ ಗರ್ವಭಂಗ ಮಾಡಿದವರೂ ಆದ ದೊಡ್ಡಮ್ಮನವರಿಗೆ,

ತಮ್ಮ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ಮೇಡಂ ಕೋಣೆಗೆ ಹೋದೆ. ಒಪ್ಪಿಸುವ ಮಾತು ಆಡಕೂಡದು ಎಂದಿದ್ದರೇ ಹೊರತು ಪ್ರಶ್ನೆ ಸಾಗಿಸಕೂಡದು ಎಂದಿರಲಿಲ್ಲ. ಅವರು ಸಾಮಾನ್ಯವಾಗಿ ನಿಂತೇ ಮಾತಾಡುವವರು. ಪತ್ರ ಓದಿ ಕೂತರು.

ಮೊದಲನೆಯದಕ್ಕೆ ಉತ್ತರ: ತಮ್ಮ ಹಕ್ಕಿಗಳು ನೂರು ಥರದ ಹುಳ ತಿನ್ನುತ್ತವಂತೆ, ಈ ಒಂದು ಜಾತಿಯ ಸೊಳ್ಳೆ ಅವುಗಳ ಊಟದಲ್ಲಿ ಉಪ್ಪಿನಷ್ಟೂ ಅಲ್ಲವಂತೆ.

“ಖಂಡಿತ ಗೊತ್ತಾ ಮೇಡಂ?”

“ಖಂಡಿತ ಗೊತ್ತಿಲ್ಲ. ಅದಕ್ಕೇ ಬೀದಿ ಬೀದಿಯಲ್ಲೂ ಗೂಡು ಎಣಿಸ್ತಾ ಇದ್ದೀವಿ. ಹಾಗೇ ಬರಿ ಅವರಿಗೆ.”

ಬರೆದಿದ್ದೇನೆ.

ಎರಡನೆಯದು: ನಾವ್ಯಾರು? ಇದಕ್ಕೆ ಮೇಡಂ, “ನಾನೂ ಸ್ನಾನ ಮಾಡುವಾಗ ಇದನ್ನೇ ಯೋಚನೆ ಮಾಡ್ತೀನಿ” ಎಂದರು. ಈ ಸೊಳ್ಳೆ ಮನುಷ್ಯರ ಸಾಮಾನಿನ ಜೊತೆಯಲ್ಲೇ ಹಡಗು ಹತ್ತಿ ಊರೂರಿಗೆ ಬಂದಿದ್ದಂತೆ. ಕರೆತಂದವರು ನಾವೇ, ಬೇಡ ಎನ್ನುತ್ತಿರುವವರೂ ನಾವೇ. ಈಗಲೂ ನಾವು ಸುಮ್ಮನಿರುವುದಿಲ್ಲವಲ್ಲ, ಊರಿಗೆಲ್ಲ ಹೊಗೆ ಬಿಡುತ್ತೇವೆ, ಅದರಲ್ಲಿ ಜೇನೂ ಸಾಯುತ್ತದೆ, ಚಿಟ್ಟೆಯೂ ಸಾಯುತ್ತದೆ, ಸೊಳ್ಳೆ ಮಾತ್ರ ನಗುತ್ತಾ ಪಕ್ಕದ ಬೀದಿಗೆ ಹೋಗುತ್ತದೆ. ಖುದ್ದಾಗಿ ಸೊಳ್ಳೆಗಳ ಅಭಿಪ್ರಾಯವನ್ನೂ ಪಡೆಯೋಣವೆಂದು ಏಳನೇ ತಟ್ಟೆಯೆದುರು ಕೈಮುಗಿದು ನಿಂತು ಕೇಳಿದೆ. ಮೌನ. ಮೌನವನ್ನು ಸಮ್ಮತಿ ಎಂದುಕೊಳ್ಳುವುದು ಆ ಟೊಪ್ಪಿ ಹುಡುಗನ ಪದ್ಧತಿ, ನನ್ನದಲ್ಲ. ಆದ್ದರಿಂದ “ಉತ್ತರ ಬಂದಿಲ್ಲ” ಎಂದು ದಾಖಲಿಸಿದ್ದೇನೆ.

ಮೂರನೆಯದಕ್ಕೆ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು. “ಕರಪತ್ರದಲ್ಲಿ ಒಂದು ಫೋನ್ ನಂಬರ್ ಇದೆ” ಎಂದರು. “ಅದು ಅವರು ನಮಗೆ ಹೇಳೋಕೆ. ನಾವು ಅವರಿಗೆ ಹೇಳೋಕೆ ಏನಿದೆ?” ಎಂದೆ. ಆಗ ಅವರಿಗೆ ಒಂದು ಮೀಟಿಂಗ್ ನೆನಪಾಯಿತು.

ತಟ್ಟೆಗಳಿಗೆ ಊಟ ಹಾಕುವ ಹೊತ್ತಾಗಿ ಬಹಳ ಹೊತ್ತಾಯಿತು. ಆದರೆ ಇಂಥ ಮಹತ್ವದ ಪತ್ರವನ್ನು ಅರ್ಧಕ್ಕೆ ಬಿಟ್ಟು ಏಳುವವಳು ನಾನಲ್ಲ. ಹುಳಗಳು ಸ್ವಲ್ಪ ತಾಳ್ಮೆ ಕಲಿಯಲಿ.

ಇಂತಿ ವಿಜ್ಞಾನ, ಧರ್ಮ ಮತ್ತು ಮೀನಿನ ಪುಡಿಯ ನಡುವೆ ಸಿಕ್ಕಿಬಿದ್ದಿರುವ,
ತರಲೆ


ಏಪ್ರಿಲ್ 2

ತರಲೆ,

ಖಂಡಿತ ಗೊತ್ತಿಲ್ಲ ಅಂದ ನಿಮ್ಮ ಮೇಡಂ ನನಗೆ ಹಿಡಿಸಿದರು. ಆದ್ರೂ ಮೂರನೆಯದು ಹಾಗೇ ಉಳೀತು.

ಇಲ್ಲಿ ಸ್ವಲ್ಪ ಬಿಸಿ ಆಗಿದೆ. ಬೇಡ ಅಂದ ಮನೆ ನಮ್ಮದೇ ಅಂತ ಬೀದಿಗೆಲ್ಲಾ ಗೊತ್ತಾಯ್ತು. ಗೋಲಿ ಅಮ್ಮ, ನಮ್ಮ ಟೈಲರಮ್ಮ, ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡೇ ಇಳಿದು ಬಂದಳು.

“ನಿಮ್ಮ ಒಂದು ಬೇಡಕ್ಕೆ ನನ್ನ ಮಗಳನ್ನ ಒತ್ತೆ ಇಡ್ತೀರಾ?”

ನಾನು ನನ್ನ ಬಸ್ಸಿನ ಮಾತು ಹೇಳಿದೆ. ಅರವತ್ತು ಜನ ಕೂತಿರಲಿ, ಒಬ್ಬರು ಹಗ್ಗ ಎಳೆದರೆ ಇಡೀ ಬಸ್ಸು ನಿಲ್ಲಬೇಕಮ್ಮಾ. ಅದು ನ್ಯಾಯ.

“ನಿಲ್ಲಲಿ. ಇಳಿಯೋರು ಇಳಿದು ಹೋಗಲಿ,” ಅಂದಳು. “ನೀವು ಇಳೀತಾ ಇಲ್ಲ ಅಕ್ಕಾ. ಚಕ್ರದ ಗಾಳಿ ತೆಗೀತಾ ಇದ್ದೀರಿ.”

ಆ ಮಾತನ್ನ ಇವತ್ತಿಗೂ ಮನಸ್ಸಲ್ಲೇ ತಿರುವಿ ಹಾಕ್ತಾ ಇದ್ದೀನಿ. ಸುಮ್ಮನೆ ಹೌದು ಅಂದುಬಿಡೋಣ, ಪೀಡೆ ಕಳೀಲಿ ಅಂತ ಒಂದೊಂದು ಹೊತ್ತು ಅನ್ನಿಸುತ್ತೆ. ಆದ್ರೆ ಜಗಳಕ್ಕೆ ಹೆದರಿ ಹೇಳಿದ ಹೌದು, ನಿಮ್ಮ ಮೇಡಂ ಲೆಕ್ಕದಲ್ಲಿ ಹೌದಲ್ಲ ತಾನೆ?

ಅವತ್ತಿನಿಂದ ಗೋಲಿ ಕೆಳಗೆ ಬಂದಿಲ್ಲ. ಸಂಜೆ ಮನೇಲಿ ಗಂಟೆ ಸದ್ದಿಲ್ಲ. ನನಗೆ ಹೇಗೂ ಕಿವಿ ಕೇಳಿಸಲ್ಲವಲ್ಲ, ಏನೂ ವ್ಯತ್ಯಾಸ ಆಗಿಲ್ಲ.

ನೀನು ಊಟ ಸರಿಯಾಗಿ ಮಾಡು. ಹುಳಕ್ಕೂ ಹೊತ್ತಿಗೆ ಸರಿಯಾಗಿ ಹಾಕು. ಹಸಿದಿರೋರಿಗೆ ತಾಳ್ಮೆ ಕಲಿಸೋದು ತಪ್ಪು.

ದೊಡ್ಡಮ್ಮ


ಏಪ್ರಿಲ್ 9

ದೊಡ್ಡಮ್ಮಾ,

ಹುಳಕ್ಕೆ ಹೊತ್ತಿಗೆ ಸರಿಯಾಗಿ ಹಾಕು ಎಂದು ನೀನು ಹೇಳಿದ ಮಾತು ಹತ್ತು ದಿನ ತಡವಾಗಿ ಬಂತು.

ಮೊನ್ನೆ ಶಾಲೆ ಮಕ್ಕಳು ನೋಡಲು ಬಂದಿದ್ದರು. ನಾನು ಯಥಾಪ್ರಕಾರ ಪಂಜರದೊಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಋಷಿಯ ಮುಖ ಮಾಡಿಕೊಂಡು ನಿಂತೆ. ಚುಳ್ ಎಂದಿತು. ಇನ್ನೊಮ್ಮೆ ಚುಳ್ ಎಂದಿತು. ಮುಖ ಬದಲಾಯಿಸಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿ ಹೊರಟುಹೋದ ಮೇಲೆ ನೋಡಿದರೆ ಮಣಿಕಟ್ಟಿನ ಮೇಲೆ ಎರಡು ಗುಳ್ಳೆ.

ಗಂಡುಗಳ ಪಂಜರದಲ್ಲಿ ಹೆಣ್ಣು.

ಯಾಕೆ ಎಂದು ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು. ಅದು ಏಳನೇ ತಟ್ಟೆಯದ್ದು. ನಿನ್ನ ಪ್ರಶ್ನೆಗಳಿಗೆ ಠೀವಿಯಿಂದ ಉತ್ತರ ಬರೆಯುತ್ತಾ ಕೂತಿದ್ದ ದಿನ ಆ ತಟ್ಟೆಗೆ ಊಟ ಹಾಕಲು ಪೂರ್ತಿ ಮರೆತೆ. ಮಾರನೆಯ ದಿನವೂ, ಹಾಕಿದ್ದೇನೆ ಅಂದುಕೊಂಡು ಬಿಟ್ಟುಬಿಟ್ಟೆ. ಹೊಟ್ಟೆಗಿಲ್ಲದ ಹೆಣ್ಣುಗಳು ಬಡಕಲಾದವು. ಬಡಕಲು ಹೆಣ್ಣು ಗಂಡಿನಷ್ಟೇ ಸಣ್ಣ. ಜರಡಿಯಲ್ಲಿ ಗಂಡುಗಳ ಜೊತೆಯೇ ಕೆಳಗಿಳಿದವು. ಜರಡಿಗೆ ಮೈ ಮಾತ್ರ ಗೊತ್ತು.

ಪಂಜರದಲ್ಲಿ ಉಳಿದಿದ್ದು ಸ್ವಲ್ಪ. ಮಿಕ್ಕವು ಆಗಲೇ ವ್ಯಾನು ಹತ್ತಿ ಹೋಗಿದ್ದವು. ಎಲ್ಲಿಗೆ ಅಂತೀಯಾ? ನಿನ್ನ ಮನೆ ಹಿಂದಿನ ಬೇಕರಿ ಬೀದಿಗೆ. ಗೋಡೆ ದಾಟಿದರೆ ನಿನ್ನ ಹಿತ್ತಲು.

ಅವು ಜ್ವರ ಹೊತ್ತಿಲ್ಲ, ಇಲ್ಲೇ ಹುಟ್ಟಿ ಬೆಳೆದವು, ಪರೀಕ್ಷೆ ಆಗಿದೆ. ಆದರೆ ಕಚ್ಚುತ್ತವೆ. ಕಚ್ಚುವುದಿಲ್ಲ ಎಂದು ಮಾತು ಕೊಟ್ಟು ಕಳಿಸಿದ್ದೆವು.

ಮೇಡಂಗೆ ಗುಳ್ಳೆ ತೋರಿಸಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಒಂದಿಷ್ಟು ಹೆಣ್ಣು ಸೇರಿಕೊಳ್ಳೋದಕ್ಕೆ ನಿಯಮದಲ್ಲೇ ಮಿತಿ ಅಂತ ಇದೆ. ಇದು ಆ ಮಿತಿಯೊಳಗೇ ಬರುತ್ತೆ. ಬೀದಿಗೆ ಹೋಗಿ ಹೇಳಿದ್ರೆ ಹೆದರ್ತಾರೆ, ಹತ್ತು ಬೀದಿ ಹಿಂದೆ ಸರಿಯುತ್ತೆ. ಮಳೆ ಶುರುವಾಗುತ್ತೆ. ಆಮೇಲೆ ಜ್ವರ ಬಂದ ಮಕ್ಕಳಿಗೆ ಯಾರು ಉತ್ತರ ಹೇಳೋದು?” ಎಂದರು. ಆಮೇಲೆ, “ಹೇಳದೇ ಇದ್ರೂ ಯಾರಿಗೋ ಉತ್ತರ ಹೇಳಬೇಕಾಗುತ್ತೆ,” ಎಂದು ಅವರೇ ಗೊಣಗಿದರು. ಇನ್ನೂ ತೀರ್ಮಾನ ಮಾಡಿಲ್ಲ.

ಅವರು ಕೆಟ್ಟವರಲ್ಲ ದೊಡ್ಡಮ್ಮಾ. ಅವರು ಹೇಳಿದ್ದೂ ಸುಳ್ಳಲ್ಲ. ಬಾಯಿಬಿಟ್ಟರೆ ನೀನು ಇನ್ನು ಈ ಜನ್ಮದಲ್ಲಿ ಹೌದು ಅನ್ನುವುದಿಲ್ಲ, ಗೋಲಿಯ ಬೀದಿ ಮಳೆಗಾಲಕ್ಕೆ ಹಾಗೇ ಬಿದ್ದಿರುತ್ತದೆ. ಬಾಯಿ ಮುಚ್ಚಿಕೊಂಡರೆ ನಿನ್ನ ಮೂರನೇ ಪ್ರಶ್ನೆಗೆ ನಾನೇ ಉತ್ತರ ಕೊಟ್ಟ ಹಾಗೆ: ಯಾರೂ ಬಂದು ಹೇಳುವುದಿಲ್ಲ.

ನಿನ್ನ ಬಸ್ಸಲ್ಲಿ ಹೀಗಾಗಿದ್ದರೆ ನೀನು ಏನು ಮಾಡುತ್ತಿದ್ದೆ?

ನಿನ್ನ ಮಗು


ಏಪ್ರಿಲ್ 13

ಮಗಳೇ,

ಪತ್ರದಲ್ಲಿ ಬಿರುದು ಬಾವಲಿ ಏನೂ ಇಲ್ಲದೆ “ನೀನು” ಅಂತ ಶುರು ಮಾಡಿದಾಗಲೇ ಏನೋ ಎಡವಟ್ಟು ಆಗಿದೆ ಅಂತ ಗೊತ್ತಾಯ್ತು. ಗುಳ್ಳೆಗೆ ಐಸ್ ಇಡು, ಕೆರೀಬೇಡ.

ಒಂದು ಸಲ ಹೊಸ ಡ್ರೈವರು, ಮಂಜು ಬೇರೆ ಕವಿದಿತ್ತು, ತಪ್ಪು ದಾರಿಗೆ ತಿರುಗಿಸಿಬಿಟ್ಟ. ನನಗೆ ಕಣ್ಣಲ್ಲೇ ಸನ್ನೆ ಮಾಡಿದ: ಸುಮ್ಮನಿರಿ, ಒಂದು ಸುತ್ತು ಹಾಕಿ ಸೇರಿಸಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ. ನಿಜಕ್ಕೂ ಗೊತ್ತಾಗ್ತಿರಲಿಲ್ಲ, ಅರ್ಧ ಜನ ನಿದ್ದೆ ಮಾಡ್ತಿದ್ದರು. ನಾನು ಹಗ್ಗ ಎಳೆದು ನಿಲ್ಲಿಸಿ, “ತಪ್ಪು ದಾರಿಗೆ ಬಂದಿದ್ದೀವಿ” ಅಂತ ಕೂಗಿದೆ. ಬೈದರು. ಇಬ್ಬರು ಇಳಿದೇ ಹೋದರು, ಅವರಲ್ಲೊಬ್ಬ ನನ್ನ ಮುಖ ನೋಡಿ ಉಗಿದ. ಮಿಕ್ಕವರು ಕೂತಿದ್ದರು. ಹಿಂದಿನ ಸೀಟಲ್ಲಿದ್ದ ಅಜ್ಜ ಎದ್ದು ಬಂದು ಡ್ರೈವರ್ ಪಕ್ಕ ನಿಂತು ದಾರಿ ತೋರಿಸಿದ.

ಎಲ್ಲಾ ಸಲ ದಾರಿ ತೋರಿಸೋ ಅಜ್ಜ ಬಸ್ಸಲ್ಲಿ ಇರ್ತಾನೆ ಅಂತ ನಾನು ಹೇಳಲ್ಲ. ಉಗಿಯೋನು ಮಾತ್ರ ಖಂಡಿತ ಇರ್ತಾನೆ.

ನೀನು ಬರೆದಿದ್ದನ್ನ ನಾನು ಯಾರಿಗೂ ಹೇಳಿಲ್ಲ. ಹೇಳೋ ಕೆಲಸ ನನ್ನದಲ್ಲ. ನಿಮ್ಮ ಮೇಡಂಗೆ ಇಷ್ಟು ತಿಳಿಸು: ಬಂದು ಹೇಳಿದ್ರೆ ನಾನು ಹೌದು ಅಂತೀನಿ ಅಂತ ಅವರು ಅಂದ್ಕೋಬಾರದು. ಅದು ಮತ್ತೆ ವ್ಯಾಪಾರ ಆಗುತ್ತೆ. ಸುಮ್ಮನೆ ಬರಲಿ.

ದೊಡ್ಡಮ್ಮ


ಏಪ್ರಿಲ್ 24

ದೊಡ್ಡಮ್ಮಾ,

ಅವಸರದಲ್ಲಿ ಎರಡೇ ಸಾಲು. ನಿನ್ನ ಪತ್ರವನ್ನು ಮೇಡಂ ಮೇಜಿನ ಮೇಲಿಟ್ಟು ಬಂದೆ. ಮಾರನೆಯ ದಿನ ನನ್ನ ಕೋಣೆಗೆ ಬಂದು ಏಳನೇ ತಟ್ಟೆಯೆದುರು ನಿಂತರು. “ಆ ಅಜ್ಜ ಇರದಿದ್ರೆ?” ಎಂದರು. ಮೇ ತಿಂಗಳ ಮೊದಲ ಶನಿವಾರ ಸಂಜೆ ಹೇಳಲು ನಿನ್ನ ಬೀದಿಗೆ ಬರುತ್ತಾರೆ. ನಾನೂ ಬರುತ್ತೇನೆ ಎಂದೆ. “ತಟ್ಟೆಗಳಿಗೆ ಊಟ ಹಾಕೋರು ಯಾರು?” ಎಂದು ಒಂದು ನೋಟ ನೋಡಿದರು ನೋಡು, ಅಲ್ಲೇ ಕೂತೆ.

ನಿನ್ನ ಮಗು


ಮೇ 6

ತರಲೆ,

ಬಂದಿದ್ದರು. ಎರಡೂ ಬೀದಿಯವರು ಕ್ಷೌರದಂಗಡಿ ಮುಂದೆ ಸೇರಿದ್ದೆವು. ಕ್ಷೌರದವನು ಕುರ್ಚಿ ಹೊರಗೆ ಹಾಕಿದ, ಮೇಡಂ ಕೂರಲಿಲ್ಲ. ಪೀಠಿಕೆ ಇಲ್ಲದೆ ಹೇಳಿದರು: “ಕಚ್ಚಲ್ಲ ಅಂತ ಹೇಳಿ ಬಿಟ್ಟಿದ್ವಿ. ಅದರಲ್ಲಿ ಕಚ್ಚೋವೂ ಸೇರಿಕೊಂಡಿದ್ವು. ನಮ್ಮ ತಪ್ಪು. ಹೇಳೋಕೆ ಬಂದೆ.” ಪೀಠಿಕೆ ಬಿಡೋದನ್ನ ನೀನು ಅವರ ಹತ್ರ ಕಲಿ. ಯಾರ ಕೈಯಿಂದ ತಪ್ಪಾಯ್ತು ಅಂತ ಅವರು ಹೇಳಲಿಲ್ಲ. ಯಾರೋ ಕೇಳಿದ್ದಕ್ಕೆ “ನಮ್ಮ ಕೈಯಿಂದ” ಅಂದರು.

ಆಮೇಲೆ ಬೇಕರಿಯವನು ಎದ್ದ. “ಮೊನ್ನೆ ನನ್ನ ಮೂಗಿಗೆ ಕಚ್ಚಿದ್ದು ನಿಮ್ಮ ಸೊಳ್ಳೆನಾ, ನಮ್ಮ ಬೀದಿ ಸೊಳ್ಳೆನಾ?”

“ಹೇಳೋಕಾಗಲ್ಲ.”

“ಯೂನಿಫಾರಂ ಹಾಕಿ ಕಳಿಸಬಾರದಾ ಹಾಗಾದ್ರೆ!”

ಎಲ್ಲರೂ ನಕ್ಕರು, ಆದ್ರೆ ಅವನು ನಗಲಿಲ್ಲ. “ನಾನು ಬೇಡ ಅಂತೀನಿ,” ಅಂದ. ಇನ್ನೊಂದು ಮನೆಯೂ ಬೇಡ ಅಂತು. ಅಲ್ಲಿಗೆ ಬೇಕರಿ ಬೀದಿ ಹೋಯ್ತು. ಮೇಡಂ ಮುಖ ನೋಡೋಕಾಗಲಿಲ್ಲ ನನಗೆ. ಆ ಬೀದೀಲೂ ಮಕ್ಕಳಿದ್ದಾರೆ. ಹೇಳಿದ್ದಕ್ಕೆ ಬೆಲೆ ತೆತ್ತರು ಅಂತ ನಿನಗೆ ಗೊತ್ತಿರಲಿ ಅಂತ ಬರೀತಿದ್ದೀನಿ.

ಟೈಲರಮ್ಮ, “ಮುಂದೆ ಹೀಗಾಗಲ್ಲ ಅಂತ ಏನು ಗ್ಯಾರಂಟಿ?” ಅಂದಳು. “ಗ್ಯಾರಂಟಿ ಇಲ್ಲ. ಇನ್ಮೇಲೆ ವ್ಯಾನು ಹೊರಡೋ ಮುಂಚೆ ಪ್ರತಿ ಪಂಜರದಲ್ಲೂ ಕೈ ಹಾಕಿ ನೋಡಿ ಕಳಿಸ್ತೀವಿ,” ಅಂದರು. ಯಾರ ಕೈ ಅಂತ ನನಗೆ ಗೊತ್ತಾಯ್ತು.

ನಾನು ಮೆಲ್ಲಗೆ ಕೇಳಿದೆ. ಮೆಲ್ಲಗೆ ಅಂತ ನಾನಂದ್ಕೊಂಡಿದ್ದೆ, ಬೀದಿ ಕೊನೆವರೆಗೂ ಕೇಳಿಸ್ತಂತೆ: “ಮತ್ತೆ ತಪ್ಪಾದ್ರೆ ಬಂದು ಹೇಳೋರು ಯಾರು?”

“ನಾನೇ,” ಅಂದರು. “ಹೀಗೇ.”

ಮನೆಗೆ ಬಂದು ರಾತ್ರಿಯೆಲ್ಲಾ ಏನೂ ಯೋಚನೆ ಮಾಡಲಿಲ್ಲ, ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದಾಗ ಉತ್ತರ ಗೊತ್ತಿತ್ತು. ಟೈಲರಮ್ಮ ಹೇಳಿದ್ದು ಸರಿ, ಹಗ್ಗ ಎಳೆಯೋ ಹಕ್ಕು ಬಸ್ಸು ನಿಲ್ಲಿಸೋಕೆ, ಕೆಡಿಸೋಕಲ್ಲ. ಆದ್ರೆ ಹಗ್ಗವೇ ಇಲ್ಲದ ಬಸ್ಸು ನಾನು ಹತ್ತಲ್ಲ. ಅದಕ್ಕೆ ನಿಮ್ಮ ಮೇಡಂಗೆ ಹೇಳಿ ಕಳಿಸಿದೆ: ಹೌದು, ಈ ಒಂದು ಮಳೆಗಾಲಕ್ಕೆ. ಒಂದು ಷರತ್ತು. ನನ್ನ ಗಂಟೆಯನ್ನ ಕ್ಷೌರದಂಗಡಿ ಕಂಬಕ್ಕೆ ಕಟ್ಟಿಸ್ತೀನಿ. ಬೀದಿಯ ಯಾರೇ ಹಗ್ಗ ಎಳೆದರೂ ವ್ಯಾನು ನಿಲ್ಲಬೇಕು, ಕೇಳಿದ್ದಕ್ಕೆ ಉತ್ತರ ಹೇಳಿಯೇ ಮುಂದೆ ಹೋಗಬೇಕು. ಗೊತ್ತಿಲ್ಲ ಅಂದರೂ ಉತ್ತರವೇ. ಒಪ್ಪಿದ್ದಾರೆ.

ಟೈಲರಮ್ಮ ಇನ್ನೂ ಬಿಗುಮಾನ ಬಿಟ್ಟಿಲ್ಲ. ನಿನ್ನೆ ಮೆಟ್ಟಿಲ ಮೇಲೆ ನಿಂತು ಎಲ್ಲೋ ನೋಡ್ತಾ, “ನಿಮ್ಮ ಹಳೇ ಖಾಕಿ ಅಂಗಿ ಇದ್ರೆ ಕೊಡಿ. ಗೋಲಿ ಅಳತೆಗೆ ಕತ್ತರಿಸಿ ಹೊಲೀತೀನಿ, ದಿನಾ ಪ್ರಾಣ ತಿಂತಾಳೆ,” ಅಂದಳು. ಪೆಟ್ಟಿಗೆ ತಳದಿಂದ ಹುಡುಕಿ ಕೊಟ್ಟೆ.

ನಾನು ಹೌದು ಅಂದುಬಿಟ್ಟೆ ಅಂತ ನೀನು ಬರೆಯೋದು ನಿಲ್ಲಿಸಬೇಡ.

ದೊಡ್ಡಮ್ಮ


ಜೂನ್ 18

ಘಂಟಾಧೀಶ್ವರಿಯೂ, ವ್ಯಾನ್ ಸ್ತಂಭನ ವಿದ್ಯೆಯ ಆದ್ಯ ಪ್ರವರ್ತಕಿಯೂ, ಪರರ ಮೂಗಿನ ಮೇಲೆ ಕೂತ ಸೊಳ್ಳೆಯನ್ನೂ ಕಂಡು ಕಾಣದಂತೆ ಬಿಡುವ ಕ್ಷಮಾಗುಣವನ್ನು ಇಳಿವಯಸ್ಸಿನಲ್ಲಿ ಸಂಪಾದಿಸಿಕೊಂಡವರೂ ಆದ ದೊಡ್ಡಮ್ಮನವರ ಚರಣಾರವಿಂದಗಳಿಗೆ,

ಬಿರುದು ಬಾವಲಿ ಮರಳಿ ಬಂದಿವೆ, ಅಂದರೆ ಎಲ್ಲ ಕ್ಷೇಮ ಎಂದು ತಿಳಿಯುವುದು.

ಮೊದಲ ದಿಬ್ಬಣದ ದಿನ ನಾನು ವ್ಯಾನಿನಲ್ಲೇ ಇದ್ದೆನಲ್ಲ, ಅಂದಿನ ವೈಭವವನ್ನು ತಾವು ಕಣ್ಣಾರೆ ಕಂಡಿದ್ದರೂ ಚರಿತ್ರೆಗಾಗಿ ಇಲ್ಲಿ ಬರೆದಿಡುತ್ತೇನೆ. ವ್ಯಾನು ಬೀದಿಯ ಬಾಯಿಗೆ ಬರುತ್ತಲೇ ಢಣ್ ಎಂದಿತು. ಖಾಕಿ ಅಂಗಿ ತೊಟ್ಟು, ತೋಳು ಮಡಿಸಿ, ಕಂಬದ ಬಳಿ ಗೋಲಿ ನಿಂತಿದ್ದಳು. ಮೇಡಂ ಇಳಿದು ಹೋಗಿ ಬಗ್ಗಿ ನಿಂತರು.

“ಇವಕ್ಕೆ ಹೆಸರಿದೆಯಾ?”

“ಇಲ್ಲ.”

“ರೈಟ್ ರೈಟ್.”

ಹತ್ತು ಹೆಜ್ಜೆ ಹೋಗಿದ್ದೆವೋ ಇಲ್ಲವೋ, ಢಣ್. “ಅವುಗಳ ಅಮ್ಮ ಎಲ್ಲಿ?” ಮೇಡಂ ನನ್ನ ಕಡೆ ನೋಡಿದರು. ನಾನು ನಮ್ರತೆಯಿಂದ ಕೈ ಎತ್ತಿದೆ. ಗೋಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಂಬದೆ, ಬಿಟ್ಟಳು. ಮೂರನೇ ಸಲ ಢಣ್ ಎಂದಾಗ ಟೈಲರಮ್ಮ ಮೇಲಿನಿಂದ “ಏಯ್!” ಎಂದರು, ತಾವು ಕೆಳಗಿನಿಂದ “ಕೇಳಲಿ ಬಿಡಮ್ಮಾ, ಅದಕ್ಕೇ ಕಟ್ಟಿಸಿರೋದು” ಎಂದಿರಿ. ಮೂರನೇ ಪ್ರಶ್ನೆ: “ನನಗೆ ಮತ್ತೆ ಜ್ವರ ಬರಲ್ವಾ?” ಮೇಡಂ ಅವಳೆದುರು ಕುಕ್ಕರುಗಾಲಲ್ಲಿ ಕೂತರು. “ಬರದೇ ಇರಲಿ ಅಂತ ಇದೆಲ್ಲಾ ಮಾಡ್ತಿದ್ದೀವಿ. ಖಂಡಿತ ಗೊತ್ತಿಲ್ಲ.” ಗೋಲಿ ತಮ್ಮ ಕಡೆ ನೋಡಿದಳು. ತಾವು ತಲೆಯಾಡಿಸಿದಿರಿ. ಅವಳು ಹಗ್ಗ ಎರಡು ಸಲ ಎಳೆದಳು, ಎರಡು ಸಲ ಎಂದರೆ ಹೊರಡಬಹುದು ಎಂದರ್ಥವಂತೆ. ಸೊಳ್ಳೆ ತುಂಬಿದ ಕೊಳವೆಗಳ ಮುಚ್ಚಳ ತೆಗೆದೆವು. ಹೊಗೆಯ ಹಾಗೆ ಎದ್ದು, ಚದುರಿ, ಕಾಣದಾದವು.

ನಿನ್ನೆ ಬಂದ ಪತ್ರದಲ್ಲಿ ತಾವು ಬರೆದಿರುವಂತೆ ಚಾವಣಿಯ ಗೂಡಿನಲ್ಲಿ ಮರಿಗಳಾಗಿವೆ, ಹಕ್ಕಿಗಳು ಹೊಟ್ಟೆ ತುಂಬ ತಿಂದು ತಮ್ಮ ಮೆಟ್ಟಿಲನ್ನು ಎಂದಿನಂತೆಯೇ ಹೊಲಸು ಮಾಡುತ್ತಿವೆ ಎಂದು ಮೇಡಂಗೆ ವರದಿ ಒಪ್ಪಿಸಿದೆ. ಗೋಡೆಯ ನಕ್ಷೆಯಲ್ಲಿ ಬೇಕರಿ ಬೀದಿ ಇನ್ನೂ ಕೆಂಪು. ಮೇಡಂ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಬ್ರೆಡ್ ಕೊಂಡು, ಬೈಸಿಕೊಂಡು ಬರುತ್ತಾರೆ. ಬ್ರೆಡ್ ಚೆನ್ನಾಗಿರುತ್ತದೆ.

ಏಳನೇ ತಟ್ಟೆಗೆ ಈಗ ಮೊದಲು ಊಟ, ಆಮೇಲೆ ನನಗೆ.

ಕೊನೆಯದಾಗಿ, ಕಾನೂನಿನ ವಿಷಯ. ದಿಬ್ಬಣ ಬಂದ ಮೇಲೆ ಬೀದಿಯಲ್ಲಿ ಯಾರೂ ಸೊಳ್ಳೆ ಹೊಡೆಯಕೂಡದು, ಹೊಡೆದರೆ ನಮ್ಮ ಗಂಡುಗಳೂ ಸಾಯುತ್ತವೆ ಎಂದು ಕ್ಷೌರದಂಗಡಿಯ ಬೆಂಚು ಹತ್ತಿ ಅರ್ಧ ಗಂಟೆ ಪ್ರವಚನ ಕೊಟ್ಟವಳು ನಾನೇ. “ಯಾವ ಜೀವದ ಮೇಲೂ ವಿಚಾರಣೆಯಿಲ್ಲದೆ ಕೈ ಎತ್ತಬೇಡಿ” ಎಂದು ನಾನು ಅಂದಾಗ ತಾವು ಜೀವಮಾನದ ಆಯುಧವಾದ ಆ ಮಡಿಸಿದ ದಿನಪತ್ರಿಕೆಯನ್ನು ಬಿಡಿಸಿ, ಕನ್ನಡಕ ಹಾಕಿಕೊಂಡು, ಮೊದಲ ಬಾರಿಗೆ ಓದಲು ಕೂತಿರಿ. ಇಡೀ ಬೀದಿ ಎದ್ದು ನಿಂತಿತು.

ಈಗ, ತಪ್ಪಾದರೆ ಬಂದು ಹೇಳಬೇಕು ಎಂಬ ತಮ್ಮ ನಿಯಮದಂತೆ ಒಂದು ಸಣ್ಣ ವಿಷಯ.

“ಎಲ್ಲ ಕ್ಷೇಮ” ಎಂದು ಮೇಲೆ ಬರೆಯುತ್ತಿದ್ದಾಗ ಕಿವಿಯ ಹತ್ತಿರ ಗುಂಯ್ ಎಂದಿತು. ವಿಚಾರಣೆ ನಡೆಯಲಿಲ್ಲ. ಕೈ ತಾನಾಗಿಯೇ ಎದ್ದಿತು. ಭೂತಗನ್ನಡಿಯಲ್ಲಿ ನೋಡಿದೆ: ಗಂಡು. ನಮ್ಮದೇ. ನನ್ನ ತೋಳಿಗೆ ಅಂಟಿಕೊಂಡು ಅಮ್ಮನ ಹಿಂದೆ ಮನೆವರೆಗೂ ಬಂದಿತ್ತು ಪಾಪ.

ಈ ಹಾಳೆಯ ಮೂಲೆಯಲ್ಲಿರುವ ಅಲ್ಪವಿರಾಮ ನಾನು ಬರೆದದ್ದಲ್ಲ.

ಗೋಲಿಗೆ ಹೇಳಬೇಡಿ, ಗಂಟೆ ಬಾರಿಸಿಬಿಡುತ್ತಾಳೆ.

ಇಂತಿ ತಮ್ಮ,
ತರಲೆ